ತೆರೆದದ್ದು ಯಾವ ಪೊರೆ?

ಟಲಹಾಸಿ, ಮಂಗಳವಾರ

ಸೋಲ್ವೆಗ್ ಅಕ್ಕನಿಗೆ,

ತಲುಪಿದ್ದೇನೆ, ಜೀವ ಮಾತ್ರ ಇನ್ನೂ ವಿಮಾನ ನಿಲ್ದಾಣದಲ್ಲೇ ಇದೆ. ಎಲೆಕ್ಟ್ರಾನುಗಳು ಪಕ್ಕಕ್ಕೆ ಹೊರಳುವಂತೆ ನಮ್ಮ ಲ್ಯಾಬಿನ ಡ್ವೇನ್ ಹದಮಾಡಿ ಬೆಳೆಸಿದ ಕಾಂತೀಯ ಅರೆಲೋಹದ ತೆಳುಪೊರೆಯನ್ನು ನಾನೇ ತಂದೆ. ಗಾಳಿ ತಾಕಿದರೆ ಅದು ಕೆಟ್ಟುಹೋಗುತ್ತದೆ. ಅದಕ್ಕೇ ತಪಾಸಣೆಯಲ್ಲಿ ತೆರೆದು ತೋರಿಸಲೆಂದು ಅಂಥದೇ ಡಬ್ಬಿಯಲ್ಲಿ ಒಂದು ಹುಸಿಪೊರೆಯನ್ನೂ ಒಯ್ಯುತ್ತೇವೆ.

“ಏನ್ರೀ, ಖಾಲಿ ಡಬ್ಬಿಗೆ ಇಷ್ಟೊಂದು ಭದ್ರತೇನಾ? ತೆಗೀರಿ!” ಎಂದಳು ಎಕ್ಸ್‌ರೇಯಲ್ಲಿ ಏನೂ ಕಾಣದ ತಪಾಸಣೆಯವಳು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ತೆರೆದೆ. ಎರಡೂ ಒಂದೇ ಥರ ಹೊಳೆಯುತ್ತವೆ, ತೆರೆದದ್ದು ಯಾವುದೋ ಈಗಲೂ ಗೊತ್ತಿಲ್ಲ.

“ತೆರೆದಿದ್ದು ಹುಸೀದೇ ತಾನೆ, ಮಾರಾಯಾ?” ಎಂದ ಮೊದಲೇ ಇಲ್ಲಿಗೆ ಬಂದಿದ್ದ ಡ್ವೇನ್. ಹೂಂ ಎಂದುಬಿಟ್ಟೆ. ಈಗ ಹಾಡು ಗುನುಗುತ್ತ ತೆರೆಯದ ಇನ್ನೊಂದಕ್ಕೆ ತಂತಿ ಜೋಡಿಸುತ್ತಿದ್ದಾನೆ. ನಾಳೆ ಇಲ್ಲಿನ ಪ್ರಯೋಗಾಲಯದ ದೊಡ್ಡ ಕಾಂತದಲ್ಲಿ ಪರೀಕ್ಷೆ. ಎಲೆಕ್ಟ್ರಾನು ಹೊರಳಿದರೆ ಉಳಿಯಿತು ನನ್ನ ಕೊರಳು.

ಬಿಪಿ ಮಾತ್ರೆ ತಪ್ಪಿಸಿಲ್ಲ, ಸೆಕೆಗೆ ನಿದ್ದೆಯಿಲ್ಲ. ಅವನ ಗುನುಗು ಇಲ್ಲಿಗೂ ಕೇಳುತ್ತಿದೆ. ಕಾರ್ಡು ಇಲ್ಲಿಗೆ ಸಾಕು, ಹೋಗಿ ನಿಜ ಹೇಳಿಬಿಡುತ್ತೇನೆ.

ನಿನ್ನ ತಮ್ಮ,
ಅಂಡರ್ಸ್