ಬೋರ್ಡಿನ ಕಲ್ಲು

ಜೂನ್ ೨, ಸೋಮವಾರ

ಓದು ಹತ್ತಲಿಲ್ಲ, ಅದಕ್ಕೇ ಶಾಲೆ ಬಿಟ್ಟೆ ಎಂದು ಎಲ್ಲರಿಗೂ ಹೇಳಿದ್ದು ಸುಳ್ಳು. ನಮ್ಮ ಹೈಸ್ಕೂಲಿಗೆ ಎರಡು ವರ್ಷ ಗಣಿತದ ಮೇಷ್ಟ್ರೇ ಬರಲಿಲ್ಲ. ಫೇಲಾದ ಮೇಲೆ ದಡ್ಡ ಅನ್ನಿಸಿಕೊಂಡವನು ಮಾತ್ರ ನಾನು.

ಸಂಜೆ ಓಂಕಾರೇಶ್ ಮಾವ ಬಂದಿದ್ದ. ಬೆಂಗಳೂರಿನಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಹಳೇ ಸರ್ಕಾರಿ ಶಾಲೆಯೊಂದನ್ನು ಕೆಡವುವ ಕೆಲಸ ಹಿಡಿದಿದ್ದಾನೆ.

"ಸ್ಕೂಲ್ ಬಿಟ್ಟೋನಿಗೆ ಸ್ಕೂಲ್ ಒಡೆಯೋ ಕೆಲ್ಸ, ಬಾರೋ! ಗೋಡೆಗೆ ಹಾಕಿರೋ ಕರೀ ಬೋರ್ಡಿನ ಕಡಪ ಕಲ್ಲು ಮಾತ್ರ ಹುಷಾರಾಗಿ ಬಿಚ್ಚು, ಅಡುಗೆಮನೆ ಕಟ್ಟೆಗೆ ಹೋಗ್ತವೆ."

ಅವ್ವ ನಕ್ಕಳು. ನಾನೂ ನಕ್ಕೆ. ಅದೇ ಈಗ ಚುಚ್ಚುತ್ತಿದೆ.

ತಂಗಿ ತನುಜಾ ನಗಲಿಲ್ಲ. ಇವತ್ತು ತಾನೇ ಅವಳು ನನ್ನದೇ ಹೈಸ್ಕೂಲಿಗೆ ಸೇರಿದ್ದು. "ಗಣಿತಕ್ಕೆ ಈ ವರ್ಷಾನೂ ಯಾರೂ ಇಲ್ವಂತೆ ಕಣಣ್ಣಾ. ನೀನಾದ್ರೂ ಹೇಳ್ಕೊಡು" ಅಂದಳು.

ಗೊತ್ತಿದ್ದರಲ್ಲವೇ ಹೇಳಿಕೊಡುವುದು.

ನಾಳೆ ಬೆಳಿಗ್ಗೆ ಬೀರೂರಿನಿಂದ ಬೆಂಗಳೂರಿಗೆ ರೈಲು. ಹೋಗುತ್ತಿದ್ದೇನೆ.