ಗೋಡೆಗೆ ಅಂಟಿಸಿದ ಗಾಜು

ಮೊಂತೆರಾನೊ
ಗುಡ್ ಫ್ರೈಡೇ, ಏಪ್ರಿಲ್ ೧೩, ೧೯೭೯

ಮುದ್ದಿನ ಮಗ ಒರೆಸ್ತೆಗೆ ನಿನ್ನಮ್ಮನ ಮುತ್ತುಗಳು.

ಕೆಮ್ಮು ಹೇಗಿದೆ? ಕಲ್ಲು ಕೆತ್ತುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಅಂದರೆ ಕೇಳುವವನಲ್ಲ ನೀನು, ಥೇಟು ಅಪ್ಪನ ಹಾಗೆ. ನಾವು ಚೆನ್ನಾಗಿದ್ದೇವೆ. ಚೀಸ್ ಹಾಕಿದ ಹಬ್ಬದ ರೊಟ್ಟಿ ಆರು ಬೇಯಿಸಿದ್ದೇನೆ. ಮದುವೆಯ ಬಟ್ಟೆ ಬಿಗಿಯಾದೀತೆಂದು ನಿನ್ನ ತಂಗಿ ಫಿಯೊರೆಲ್ಲ ಒಂದು ಚೂರೂ ಮುಟ್ಟಿಲ್ಲ. ಸೋಮವಾರಕ್ಕೆ ಇನ್ನು ಮೂರೇ ದಿನ.

ಹೋದ ಭಾನುವಾರ ಬೀಗರು ನಮ್ಮ ಚರ್ಚು ನೋಡಲು ಬಂದಿದ್ದರು. ನಿನ್ನಪ್ಪನಿಗೆ ಕೇಳಬೇಕೆ? ನಲವತ್ತು ವರ್ಷ ಗಂಟೆ ಹೊಡೆದವರು, ಚರ್ಚು ತಾವೇ ಕಟ್ಟಿಸಿದ ಹಾಗೆ ಎದೆಯುಬ್ಬಿಸಿಕೊಂಡು ತೋರಿಸಿದರು. ಬೀಗಿತ್ತಿಯ ಕಣ್ಣು ಮಾತ್ರ ಗೋಪುರದ ಬುಡದ ಬಿರುಕಿನ ಮೇಲೇ ಇತ್ತು. "ಏನ್ರೀ ಇದು, ಕೈ ತೂರೋ ಹಾಗಿದೆ?" ಅಂದರು. ನಿನ್ನಪ್ಪ ಬಿರುಕಿಗೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿಯನ್ನು ಬೆರಳಿನಿಂದ ತಟ್ಟಿದರು. "ನಮ್ಮ ಹುಡುಗನೇ ಅಂಟಿಸಿದ್ದು ತಾಯಿ. ಗೋಡೆ ಕೂದಲೆಳೆಯಷ್ಟು ಜರುಗಿದ್ರೂ ಗಾಜು ಒಡೀಬೇಕು. ಅಕ್ಟೋಬರಲ್ಲಿ ನೆಲ ನಡುಗಿದಾಗ ಅಂಟಿಸಿದ್ದು, ಇವತ್ತಿಗೂ ಹಾಗೇ ಇದೆ. ಸೋಮವಾರ ದೊಡ್ಡ ಗಂಟೇನೂ ಹೊಡೀತೀನಿ, ನೋಡ್ತಿರಿ." ಆಗಲೇ ಮೇಲಿನಿಂದ ಒಂದಿಷ್ಟು ಬಿಳಿ ಪುಡಿ ಬೀಗಿತ್ತಿಯ ಕಪ್ಪು ಶಾಲಿನ ಮೇಲೆ ಉದುರಿತು. "ಏಳುನೂರು ವರ್ಷ ಆಯ್ತಲ್ಲ, ಚರ್ಚಿಗೂ ತಲೆಹೊಟ್ಟು!" ಅಂದರು ನಿನ್ನಪ್ಪ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಪಾದ್ರಿಗಳ ಕೋಣೆಯ ಬಾಗಿಲು ಮಂಗಳವಾರದಿಂದ ಮುಚ್ಚುತ್ತಿಲ್ಲ. ನಿನ್ನಪ್ಪ ಹತ್ತರಿ ಹೊಡೆದು ಒಂದಂಗುಲ ಸವೆಸಿದರು. ಮರುದಿನ ಮತ್ತೆ ಸಿಕ್ಕಿಕೊಂಡಿತು. "ಮಳೆಗೆ ಮರ ಉಬ್ಬಿದೆ ಕಣೇ" ಅನ್ನುತ್ತಾರೆ. ಇಪ್ಪತ್ತು ದಿನದಿಂದ ಇಲ್ಲಿ ಹನಿ ಮಳೆಯಿಲ್ಲ. ಹಬ್ಬದ ತನಕ ಹೊಡೆಯಬಾರದೆಂಬ ಪದ್ಧತಿಯಂತೆ ನಿನ್ನೆ ಗಂಟೆಗಳನ್ನೆಲ್ಲ ಕಟ್ಟಿಹಾಕಿದ್ದಾರೆ, ಊರೇ ಮೌನ. ಆ ಮೌನದಲ್ಲಿ ಚರ್ಚಿನ ಕಸ ಗುಡಿಸುತ್ತಿದ್ದಾಗ ಗೋಡೆಯೊಳಗೆ ಅಕ್ಕಿ ಸುರಿದಂತೆ ಸದ್ದು ಕೇಳಿಸಿತು. ನಿಂತೆ. ಅದೂ ನಿಂತಿತು. ಪೊರಕೆ ಎತ್ತಿದೆ, ಮತ್ತೆ ಸುರಿಯಿತು. ನನಗೆ ಭಯವಾಗಿದೆ, ಒರೆಸ್ತೆ.

ಪಕ್ಕದೂರಿನ ಚರ್ಚಿನಲ್ಲಿ ಇಂಥದೇ ಗಾಜು ಒಡೆದ ದಿನವೇ ಸರ್ಕಾರದವರು ಬಾಗಿಲಿಗೆ ಹಲಗೆ ಹೊಡೆದರಲ್ಲ, ಹನ್ನೊಂದು ವರ್ಷವಾಯಿತು, ಇನ್ನೂ ತೆಗೆದಿಲ್ಲ. ಹಾಗೇನಾದರೂ ಆದರೆ ನಿನ್ನಪ್ಪ ಬದುಕುತ್ತಾರೆಯೆ? ಫಿಯೊರೆಲ್ಲಳದ್ದೂ ಅದೇ ಹಟ: "ಜ್ಞಾನಸ್ನಾನ ಇಲ್ಲೇ ಆಗಿದ್ದು, ಮದುವೇನೂ ಇಲ್ಲೇ. ಇಲ್ಲಾಂದ್ರೆ ಮದುವೇನೇ ಬೇಡ." ನೂರಾನಲವತ್ತು ಜನಕ್ಕೆ ಹೇಳಿಯಾಗಿದೆ. ಮಕ್ಕಳನ್ನು ಮುಂದಿನ ಬೆಂಚುಗಳಲ್ಲಿ, ಗೋಪುರದ ಪಕ್ಕಕ್ಕೇ ಕೂರಿಸುತ್ತಾರಂತೆ.

ಕಾಗದವನ್ನು ಬಸ್ಸಿನ ಡ್ರೈವರ್ ಬ್ರೂನೊ ಕೈಗೆ ಕೊಡುತ್ತಿದ್ದೇನೆ, ಸಂಜೆಯೊಳಗೆ ಪೆರೂಜಿಯಾದಲ್ಲಿ ನಿನಗೆ ಮುಟ್ಟಿಸುತ್ತಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ನಜ್ಜರೇನ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಬ್ರೂನೊ ಹಾರ್ನ್ ಹೊಡೆಯುತ್ತಿದ್ದಾನೆ. ಗೋಡೆಯ ಮೇಲಿರುವುದು ನೀನು ಅಂಟಿಸಿದ ಗಾಜಲ್ಲ. ನಿನ್ನದು ಮಾರ್ಚ್ ಆರರಂದೇ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ನಿನ್ನಜ್ಜಿಯ ಫೋಟೊದ ಗಾಜು ಕತ್ತರಿಸಿ, ಒಲೆಗೆಂದು ತಂದ ಗಾರೆಯಲ್ಲಿ ಅಂಟಿಸಿ, ಗಾರೆಯ ಮೇಲೆ ನಿನ್ನ ಅಕ್ಷರದ ಹಾಗೇ ಅಕ್ಟೋಬರಿನ ತಾರೀಕು ಗೀಚಿದವಳು ನಾನು. ಮದುವೆಯೊಂದು ಮುಗಿಯಲಿ ಅಂದುಕೊಂಡೆ. ಇವತ್ತು ಬೆಳಿಗ್ಗೆ ನೋಡಿದರೆ ನನ್ನದೂ ಸೀಳಿದೆ. ಕಣ್ಣಿನ ಪೊರೆಯಿಂದ ನಿನ್ನಪ್ಪನಿಗೆ ಅದು ಕಾಣುವುದಿಲ್ಲ. ಈಗಲೂ ತಟ್ಟಿ ನೋಡಿ, ಸರಿಯಾಗಿದೆ ಅಂದು, ದೊಡ್ಡ ಗಂಟೆಗೆ ಎಣ್ಣೆ ಹಾಕಲು ಮೇಲೆ ಹತ್ತಿದ್ದಾರೆ. ನನಗೆ ಬಾಯಿ ಬರುತ್ತಿಲ್ಲ ಮಗನೇ, ನೀನೇ ಬಂದು ಹೇಳು. ಭಾನುವಾರದ ತನಕ ಕಾಯಬೇಡ, ನಾಳೆಯ ಮೊದಲ ಬಸ್ಸಿಗೇ ಬಾ. ನಿನ್ನ ಗಾಜಿನ ತುಂಡುಗಳು ಲಕೋಟೆಯಲ್ಲೇ ಇವೆ, ಕೈ ಕುಯ್ದುಕೊಂಡೀಯ, ಜೋಪಾನ.