ನಾಲ್ಕನೆಯ ಸಾಲು

ಚಿಕ್ಕಪ್ಪನವರಿಗೆ,

ಸ್ಟುಡಿಯೊ ಕಂಪ್ಯೂಟರಿನ ಮೆಮೊರಿಗೆಂದು ನೀವು ಆರಿಸಿ ತಂದಿದ್ದ ವೇಗದ ಎರಡು ರ‍್ಯಾಮ್‌ಗಳನ್ನು ನಿಮ್ಮನ್ನು ಕೇಳದೆಯೇ ಅಂಗಡಿಗೆ ಹಿಂದಿರುಗಿಸಿ, ಬದಲಿಗೆ ನಾಲ್ಕನ್ನು ತಂದು ಹಾಕಿದ್ದೇನೆ. ಅವನ್ನು ಕೂರಿಸುವ ನಾಲ್ಕೂ ಸ್ಲಾಟ್ ತುಂಬಿದ್ದರಿಂದ ವೇಗ ಇಳಿದಿದೆ, ಮೆಮೊರಿ ಎರಡರಷ್ಟಾಗಿದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ಕಾರ್ಖಾನೆಯವರು ಸರಿಪಡಿಸಲು ಕೊಟ್ಟ ಆ ಉದ್ದನೆಯ ಹಳೇ ಫೋಟೊದಲ್ಲಿ ನಾಲ್ಕು ಸಾಲು, ಮುನ್ನೂರು ಮುಖಗಳಿವೆ. ನಿಮ್ಮ ವೇಗದ ರ‍್ಯಾಮ್ ಮೂರು ಸಾಲನ್ನು ಸರಸರನೆ ಮುಗಿಸುತ್ತಿತ್ತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಂಪ್ಯೂಟರ್ ಕೈಚೆಲ್ಲಿ ಕೂರುತ್ತಿತ್ತು. ನೀವೋ, "ಹಿಂದಿನ ಸಾಲು ಕತ್ತರಿಸಿ ಬಿಸಾಕು. ಮೂಟೆ ಹೊರೋರನ್ನ ಯಾರು ನೋಡ್ತಾರೆ?" ಅಂದಿರಿ.

ಕತ್ತರಿಸುವುದಿಲ್ಲ. ಸ್ಟುಡಿಯೊ ನಿಮ್ಮದಿರಬಹುದು, ಮೌಸ್ ನನ್ನ ಕೈಯಲ್ಲಿದೆ. ನನ್ನನ್ನು ಆಮೆ ಅಂತಲೇ ಕರೆಯಿರಿ, ಬೇಜಾರಿಲ್ಲ.

ಇವತ್ತು ಕಂಪ್ಯೂಟರ್ ತೆವಳುತ್ತಲೇ ನಾಲ್ಕೂ ಸಾಲು ಮುಗಿಸಿತು. ಇನ್ನು ಕೆಳಗೆ ಹೆಸರು ಹಾಕಬೇಕು. ಹಿಂದಿನ ಸಾಲಿನವರ ಹೆಸರು ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲವಂತೆ. ನಾಳೆ ಬರುವಾಗ ಕನ್ನಡಕ ಮರೆಯಬೇಡಿ, ಒಬ್ಬೊಬ್ಬರನ್ನೇ ನೋಡಿ ಹೇಳಿ.

ಎಡದಿಂದ ಐದನೆಯವರ ಹೆಸರನ್ನು ಮಾತ್ರ ನಾನೇ ಹಾಕಿದ್ದೇನೆ. ಹೆಗಲ ಮೇಲೆ ಗೋಣಿಯಿದೆ, ಮುಖ ಆಚೆ ತಿರುಗಿಸಿಕೊಂಡಿದ್ದೀರಿ. ಆದರೆ ಆ ಕಿವಿ ನಮ್ಮ ಮನೆಯದೇ.

ನಿಮ್ಮ ಅಣ್ಣನ ಮಗಳು,
ಆಮೆ